ಕಲೆಯಿಲ್ಲದ ಫೈಲು

“ಇದೆ,” ಎಂದ ಸ್ಕ್ಯಾನ್ ಮಾಡುತ್ತಿದ್ದವನು.

ಹೊಟ್ಟೆಗೆ ತಣ್ಣನೆಯ ಲೋಳೆ ಸವರಿಸಿಕೊಂಡು ಮಲಗಿದ್ದವಳು, ಹಿಡಿದ ಉಸಿರು ಬಿಡುವುದನ್ನೂ ಮರೆತು, “ಏನಿದೆ?” ಎಂದಳು.

“ಮೊದಲು ಉಸಿರು ಬಿಡಿ. ಕಲ್ಲು. ಪಿತ್ತಕೋಶದಲ್ಲಿ. ನಾಲ್ಕು ಮಿಲಿಮೀಟರು, ಅಷ್ಟೇ. ಗಾಬರಿ ಆಗ್ಬೇಡಿ.”

ಅವಳಿಗೆ ಗಾಬರಿಯೇನೂ ಆಗಿರಲಿಲ್ಲ. ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಕೇಳಿದವಳ ಹಾಗೆ ಕಣ್ಣು ತುಂಬಿ ಬಂದಿತ್ತು. ನೋವು ಶುರುವಾದ ಈ ಹದಿನಾಲ್ಕು ತಿಂಗಳಲ್ಲಿ ಎರಡು ಸಲ ಗಂಟಲೊಳಗೆ ಕೊಳವೆ ಇಳಿಸಿ ನೋಡಿದ್ದರು. ಇದು ಮೂರನೆಯ ಸ್ಕ್ಯಾನು. ರಕ್ತ ಎಷ್ಟು ಸಲ ಕೊಟ್ಟಳೋ ಅವಳಿಗೇ ನೆನಪಿಲ್ಲ. ಪ್ರತಿ ಸಲವೂ ‘ನಾರ್ಮಲ್’. ಆ ಪದ ಕೇಳಿ ಮನೆಯವರೆಲ್ಲ ಹಗುರಾಗುತ್ತಿದ್ದರು. ಅವಳು ಮಾತ್ರ ಇನ್ನಷ್ಟು ಭಾರವಾಗುತ್ತಿದ್ದಳು. ಹೋದ ಸಲವಂತೂ, ಎಲ್ಲ ಸರಿಯಾಗಿದೆ ಎಂದು ಬರೆದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಯ ಮೆಟ್ಟಿಲ ಮೇಲೆ ವಾಂತಿ ಮಾಡಿದ್ದಳು.

“ಕಲ್ಲು ಅಂದ್ರೆ ಇಷ್ಟು ಖುಷಿಪಡೋರನ್ನ ಇವತ್ತೇ ನೋಡಿದ್ದು ನಾನು,” ಎಂದು ಅವನು ಒರೆಸಿಕೊಳ್ಳಲು ಕಾಗದ ಕೊಟ್ಟ.

ಆಪರೇಷನ್ ಮಾಡುವ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಮತ್ತೆ ಸಡಿಲಿಸಿದರು. “ನಿಮ್ಮ ನೋವು ಇದರಿಂದಾನೇ ಅಂತ ಹೇಳಕ್ಕಾಗಲ್ಲ. ಇದರಿಂದ ಅಲ್ಲ ಅಂತಾನೂ ಹೇಳಕ್ಕಾಗಲ್ಲ. ತೆಗೆಸ್ತೀನಿ ಅಂದ್ರೆ ತೆಗೆಯೋಣ. ಇನ್ಶೂರೆನ್ಸ್ ಇದೆಯಲ್ಲ?”

“ತೆಗೆದ್ಬಿಡಿ,” ಎಂದಳು.

ಇನ್ಶೂರೆನ್ಸ್ ಇತ್ತು. ಅವಳ ಅನ್ನವೇ ಅದು. ಆಸ್ಪತ್ರೆಗಳಿಂದ ಬರುವ ಫೈಲುಗಳನ್ನು ಓದಿ, ಈ ಬಿಲ್ಲಿಗೆ ಕಂಪನಿ ಹಣ ಕೊಡಬೇಕೋ ಬೇಡವೋ ಎಂದು ಬರೆಯುವುದು ಅವಳ ಕೆಲಸ. ವಿಮಾ ಕಚೇರಿಯ ಮೂರನೆಯ ಮಹಡಿಯಲ್ಲಿ, ತೆರೆಯಲು ಬಾರದ ಕಿಟಕಿಯ ಪಕ್ಕ, ಹನ್ನೊಂದು ವರ್ಷದಿಂದ. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅವಳು ಜರಡಿ. ಪಕ್ಕದ ಮೇಜಿನವನು ಯಾವ ಫೈಲು ಬಂದರೂ ‘ಪಾಪ, ಹೋಗ್ಲಿ’ ಎಂದು ಮುದ್ರೆ ಒತ್ತಿ ಕಳಿಸುವವನಾದ್ದರಿಂದ ಅವನು ಮುದ್ರೆ. ಮೇಲಿನವರಿಗೆ ಮುದ್ರೆಯ ಮೇಲೆ ಸಿಟ್ಟು, ಜರಡಿಯ ಮೇಲೆ ಅಭಿಮಾನ.

ಫೈಲು ಓದುವುದಕ್ಕೆ ಅವಳದೇ ಒಂದು ಕ್ರಮವಿತ್ತು. ಡಾಕ್ಟರ ಪುಟವನ್ನು ಅವಳು ಮೊದಲು ಮುಟ್ಟುತ್ತಿರಲಿಲ್ಲ. ಸೀದಾ ನರ್ಸಿನ ಪುಟಕ್ಕೆ ಹೋಗುತ್ತಿದ್ದಳು. ರೋಗಿ ಬಾಯಿಬಿಟ್ಟು ಹೇಳಿದ್ದು ಹೇಳಿದ ಹಾಗೇ ಇರುವುದು ಅಲ್ಲಿ. ಆ ಪುಟದಲ್ಲಿ ಅವಳು ಹುಡುಕುತ್ತಿದ್ದದ್ದು ಒಂದೇ ಪದ: ‘ಮೇಲಿಂದ’. ಗಂಡ ತೀರಿಕೊಂಡ ಮೇಲಿಂದ ಎದೆನೋವು. ಕೆಲಸ ಹೋದ ಮೇಲಿಂದ ಸೊಂಟ. ಮಗಳು ಮಾತು ಬಿಟ್ಟ ಮೇಲಿಂದ ತಲೆಶೂಲೆ. ಕಾಲು ಮುರಿದವನು ‘ಬಿದ್ದ ಮೇಲಿಂದ’ ಎನ್ನುತ್ತಾನೆ, ಅದು ಸರಿ, ಅದು ಜರಡಿಯ ಕಣ್ಣಿಂದ ಕೆಳಗಿಳಿಯುತ್ತದೆ. ಉಳಿದ ‘ಮೇಲಿಂದ’ಗಳು ಮೇಲೇ ನಿಲ್ಲುತ್ತವೆ. ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದರೆ ಮುಗಿಯಿತು.

ಕಂಪನಿಯ ನಿಯಮ ಸರಳವಾಗಿತ್ತು. ದೇಹದ ಕಾಯಿಲೆಗೆ ಹಣ ಉಂಟು, ಮನಸ್ಸಿನದಕ್ಕೆ ಇಲ್ಲ. ದೇಹದ ನೋವಿಗೆ ಮನಸ್ಸೇ ಮೂಲ ಎಂದು ಫೈಲಿನಲ್ಲಿ ಎಲ್ಲಾದರೂ ಒಂದು ಕಡೆ ಕಂಡುಬಂದರೆ ಇವತ್ತಿನ ಬಿಲ್ಲೂ ಇಲ್ಲ, ಆ ನೋವಿಗೆಂದು ಹಿಂದೆ ಕೊಟ್ಟದ್ದೂ ವಾಪಸು. ಇದಕ್ಕೆ ‘ಮೂಲ ಕಾರಣ’ದ ನಿಯಮ ಎಂದು ಹೆಸರು. “ಕೂತು ಕೂತು ನಮ್ಮಾಫೀಸಲ್ಲಿ ಎಲ್ರಿಗೂ ಮೂಲದ ಕಾಯಿಲೆ,” ಎಂದು ಮುದ್ರೆ ವಾರಕ್ಕೊಮ್ಮೆಯಾದರೂ ಹೇಳಿ ತಾನೇ ನಗುತ್ತಿದ್ದ. ಹಣ ವಾಪಸು ಕೇಳುವ ಪತ್ರದ ನಮೂನೆ ಬರೆದುಕೊಟ್ಟವಳು ಜರಡಿಯೇ. ‘ವಿಷಾದದೊಂದಿಗೆ’ ಎಂಬ ಪದವನ್ನು ಅದರಲ್ಲಿ ಎಲ್ಲಿ ಹಾಕಬೇಕು ಎಂದು ಒಂದು ಮಧ್ಯಾಹ್ನವೆಲ್ಲ ಯೋಚಿಸಿದ್ದಳು.

ಅವಳ ನೋವು ಬೆಳಗ್ಗೆ ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಪಕ್ಕೆಲುಬಿನ ಕೆಳಗೆ ಯಾರೋ ಎರಡು ಕೈಯಲ್ಲಿ ಒದ್ದೆ ಬಟ್ಟೆ ಹಿಂಡುತ್ತಿರುವಂತೆ. ತುತ್ತು ಬಾಯಿಗಿಟ್ಟರೆ ಮಣ್ಣು. ಒಂಬತ್ತು ಕಿಲೋ ಇಳಿದಿದ್ದಳು. ಪರಿಚಯದ ಹೆಂಗಸರು ದಾರಿಯಲ್ಲಿ ತಡೆದು ಏನು ಮಾಡಿದೆ ಹೇಳೇ, ನಮಗೂ ಹೇಳಿಕೊಡೇ ಎಂದು ಕೇಳುತ್ತಿದ್ದರು. ಒಂದು ದಿನ ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೈಗಿಟ್ಟಾಗ ಅಳು ಬಂತು. ಇನ್ನೊಂದು ದಿನ ತರಕಾರಿ ಅಂಗಡಿಯ ಮುಂದೆ ಯಾವುದು ಕೊಳ್ಳಬೇಕೆಂದು ತೋಚದೆ ಅರ್ಧ ಗಂಟೆ ನಿಂತಿದ್ದಳು. “ಅಕ್ಕಾ, ನೀವು ಯೋಚ್ನೆ ಮಾಡೋಷ್ಟರಲ್ಲಿ ಇದು ಬಾಡೋಗತ್ತೆ,” ಎಂದಿದ್ದ ಅಂಗಡಿಯವನು. ನಿದ್ದೆಯ ಸುದ್ದಿ ಬೇಡ.

ಹನ್ನೊಂದು ವರ್ಷ ಬೇರೆಯವರ ಮೇಲಿಂದಗಳನ್ನು ಹೆಕ್ಕಿದವಳು ತನ್ನದನ್ನು ಹುಡುಕದೆ ಬಿಟ್ಟಾಳೆಯೆ? ಹುಡುಕಿದ್ದಳು. ಗಂಡ ಒಳ್ಳೆಯವನು, ಗಾಜು ಕತ್ತರಿಸುವ ಅಂಗಡಿಯಲ್ಲಿ ಕೆಲಸ, ಕೈತುಂಬ ಸಣ್ಣ ಸಣ್ಣ ಗಾಯ, ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ. ಮಗಳು ಓದುತ್ತಾಳೆ. ಅತ್ತೆ ಗೊಣಗುತ್ತಾರೆ, ಯಾವ ಅತ್ತೆ ಗೊಣಗುವುದಿಲ್ಲ? ಯಾರೂ ಸತ್ತಿಲ್ಲ, ಯಾರೂ ಬಿಟ್ಟುಹೋಗಿಲ್ಲ. ಫೈಲುಗಳಲ್ಲಿನ ಜನರ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವರಿಗೆ ಏನೋ ಒಂದು ಆಗಿದೆ. ತನಗೆ ಏನೂ ಆಗಿಲ್ಲ. ಬಚ್ಚಿಡಲಿಕ್ಕಾದರೂ ಒಂದು ಬೇಕಲ್ಲ.

ಆದರೂ ಬಚ್ಚಿಟ್ಟಳು. ಮೊದಲ ಡಾಕ್ಟರು “ಯಾವಾಗಿಂದ?” ಎಂದು ಕೇಳಿದಾಗ ತಾರೀಖು ಹೇಳಿದ್ದಳು. “ಮನೇಲಿ, ಆಫೀಸಲ್ಲಿ, ಏನಾದ್ರೂ ಟೆನ್ಷನ್ನು?” “ಏನಿಲ್ಲ ಡಾಕ್ಟ್ರೇ.” “ನಿದ್ದೆ?” “ಚೆನ್ನಾಗಿ ಬರುತ್ತೆ.” ಹೇಳುತ್ತಲೇ ಅವರ ಪೆನ್ನಿನ ಓಟವನ್ನು ತಲೆಕೆಳಗಾಗಿ ಓದಿದ್ದಳು, ಎಷ್ಟೋ ವರ್ಷದ ಅಭ್ಯಾಸ. ಅಡಿಗೆರೆ ಎಳೆಯುವಂಥ ಕಲೆ ಎಲ್ಲಿಯೂ ಇರಲಿಲ್ಲ. ಕಲೆಯಿಲ್ಲದ್ದರಿಂದ ಅವರು ಕೊಳವೆ ಇಳಿಸಿ ನೋಡಿದರು. ಅಲ್ಲಿ ಏನೂ ಸಿಗದ್ದರಿಂದ ಸ್ಕ್ಯಾನು. ಅಲ್ಲೂ ಏನೂ ಸಿಗದ್ದರಿಂದ ಬೇರೆ ಡಾಕ್ಟರು, ಮತ್ತೆ ಕೊಳವೆ. ಪ್ರತಿ ಬಿಲ್ಲನ್ನೂ ಅವಳ ಕಂಪನಿಯೇ ಕೊಟ್ಟಿತು. ಒಟ್ಟು ಸೇರಿಸಿದರೆ ಅವಳ ಒಂದು ವರ್ಷದ ಸಂಬಳವನ್ನು ಮೀರುತ್ತಿತ್ತು. ಈಗ ಬಾಯಿ ಬಿಟ್ಟರೆ ಅಷ್ಟೂ ವಾಪಸು, ತಿಂಗಳು ತಿಂಗಳು ಸಂಬಳದಿಂದ ಕಡಿತ. ಮೊದಲ ದಿನ ಸುಳ್ಳು ಹೇಳುವಾಗ ಅದು ಒಂದು ಸಣ್ಣ ಸುಳ್ಳಾಗಿತ್ತು. ಪ್ರತಿ ಬಿಲ್ಲಿನ ಜೊತೆ ಅದೂ ಬೆಳೆದಿತ್ತು.

ಒಮ್ಮೆ, ಒಂದೇ ಒಂದು ಸಲ, ಮನೋವೈದ್ಯರ ಬಾಗಿಲಿನ ತನಕ ಹೋಗಿದ್ದಳು. ಎರಡನೆಯ ಮಹಡಿ. ಮೆಟ್ಟಿಲ ತಿರುವಿನಲ್ಲಿ ಶುಲ್ಕದ ಹಲಗೆ ತೂಗುಹಾಕಿದ್ದರು. ವಾರಕ್ಕೊಂದು ಸಲ ಎಂದರೆ ತಿಂಗಳಿಗೆ ನಾಲ್ಕು ಸಲ, ಮಗಳ ಶಾಲೆಯ ಫೀಸಿನಷ್ಟು. ಅದು ಕೈಯಿಂದಲೇ ಹೋಗಬೇಕು. ಒಳಗಿನಿಂದ ಯಾರೋ ನಗುವುದು ಕೇಳಿಸಿತು. ಇಲ್ಲಿಗೆ ಬಂದವರು ನಗುತ್ತಾರೆಯೆ ಎಂದು ಆಶ್ಚರ್ಯಪಟ್ಟು ಅಲ್ಲೇ ನಿಂತಳು. ಅಷ್ಟರಲ್ಲಿ ಕೆಳಗೆ ಬಾಗಿಲು ಸದ್ದಾಯಿತು. ಪರಿಚಯದವರಾಗಿದ್ದರೆ ಎಂದು ಹೆದರಿ, ದಂತವೈದ್ಯರ ಬಾಗಿಲು ಎಲ್ಲಿ ಎಂದು ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿ ಕೇಳಿಕೊಂಡು ಇಳಿದುಬಂದಿದ್ದಳು.

ಆಮೇಲೆ ನಿದ್ದೆಯ ಮಾತ್ರೆ. ಮನೆಯಿಂದ ಮೂರು ಬೀದಿಯಾಚೆಯ ಔಷಧಿ ಅಂಗಡಿಯಲ್ಲಿ, ಅತ್ತೆಗೆ ಎಂದು ಹೇಳಿ, ಚೀಟಿಯೂ ಇಲ್ಲದೆ ಬಿಲ್ಲೂ ಇಲ್ಲದೆ ತರುತ್ತಿದ್ದ ಪುಟ್ಟ ಹಳದಿ ಮಾತ್ರೆ. ಮೊದಲು ಅರ್ಧ. ಈಗ ಎರಡು, ಕೆಲವು ದಿನ ಮೂರು. “ನಿಮ್ಮತ್ತೆಗೆ ಸ್ವಲ್ಪ ಹೇಳಿ ಮೇಡಂ, ಇದು ಅಂಟ್ಕೊಂಡ್ರೆ ಬಿಡಲ್ಲ,” ಎಂದಿದ್ದ ಅಂಗಡಿಯವನು. ಹೇಳ್ತೀನಿ ಎಂದಿದ್ದಳು. ದಿಂಬಿಗೆ ತಲೆ ಕೊಟ್ಟರೆ ಬೆಳಗಿನ ಬೆಳಕಿಗೇ ಕಣ್ಣು ಬಿಡುವ ಹೆಂಗಸು ಅವಳ ಅತ್ತೆ. ತಮ್ಮ ಹೆಸರಿನಲ್ಲಿ ಮೂರು ಬೀದಿಯಾಚೆ ಇಂಥ ಅಪಖ್ಯಾತಿ ಬೆಳೆಯುತ್ತಿದೆ ಎಂಬುದು ಅವರಿಗೇನು ಗೊತ್ತು.

ತನ್ನ ಫೈಲನ್ನು ತಾನೇ ನೋಡುವ ಹಾಗಿಲ್ಲ. ಆಪರೇಷನ್ನಿನ ಕಾಗದ ಪಕ್ಕದ ಮೇಜಿಗೆ ಹೋಯಿತು.

“ಅಂತೂ ಜರಡೀಲಿ ಕಲ್ಲು ಸಿಕ್ತು!” ಎಂದ ಮುದ್ರೆ, ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿ. “ಮೊದಲಿಂದ ಕೊನೇವರೆಗೆ ಓದ್ದೆ ಕಣಮ್ಮ. ನಿನ್ನ ಥರಾನೇ ಓದ್ದೆ, ನರ್ಸ್ ಪುಟದಿಂದ ಶುರು ಮಾಡಿ. ಅಬ್ಬಾ, ಎಂಥಾ ಫೈಲು! ಒಂದು ಕಲೆ ಇಲ್ಲ. ಹೊಸಬ್ರಿಗೆ ಪಾಠ ಮಾಡಕ್ಕೆ ಇಟ್ಕೋಬಹುದು.”

“ಮುದ್ರೆ ಒತ್ತಿ ಕಳ್ಸಪ್ಪ, ಸಾಕು.”

“ಒತ್ತಾಯ್ತು.” ಅವನು ದನಿ ತಗ್ಗಿಸಿದ. “ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಸ್ಟೋರ್ ರೂಮಲ್ಲಿ ಅಳ್ತಾ ಇದ್ಯಲ್ಲ ಹೋದ ವಾರ, ಅದು ಈ ನೋವಿಗೇನಾ?”

ಅವಳಿಗೆ ಕಿವಿ ಬಿಸಿಯಾಯಿತು. ಅವನ ಮುಖ ನೋಡಿದಳು. ಕೆಟ್ಟದ್ದೇನೂ ಇರಲಿಲ್ಲ ಆ ಮುಖದಲ್ಲಿ. ತನ್ನ ಮುಂದೆ ಬಂದು ಬಿದ್ದ ಫೈಲುಗಳನ್ನೆಲ್ಲ ‘ಪಾಪ’ ಎನ್ನುವಾಗಿನ ಮುಖವೇ. ಒಂದು ಕ್ಷಣ, ಹೇಳಿಬಿಡೋಣ ಎನ್ನಿಸಿತು. ಅವನ ಕೈಯಲ್ಲಿ ಫೈಲಿತ್ತು. ಫೈಲಿನ ಮೇಲೆ ಪೆನ್ನಿತ್ತು.

“ನೋವಿಗೇ,” ಎಂದಳು. “ಇನ್ಯಾತಕ್ಕೆ ಅಳ್ತಾರೆ?”

“ಅದೂ ಸರಿ ಅನ್ನು,” ಎಂದು ಅವನು ಕುರ್ಚಿ ತಿರುಗಿಸಿಕೊಂಡ.

ಮನೆಯಲ್ಲಿ ಚೀಲ ಸಿದ್ಧವಾಗುತ್ತಿದ್ದಾಗ ಅತ್ತೆ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. “ನಮ್ ಕಾಲದಲ್ಲಿ ಈ ಕಲ್ಲೂ ಇರ್ಲಿಲ್ಲ, ಮಣ್ಣೂ ಇರ್ಲಿಲ್ಲ. ಯಾವುದನ್ನೂ ತಲೆಗೆ ಹಚ್ಕೋತಿರ್ಲಿಲ್ಲ ನಾವು. ಎಲ್ಲಾ ಹೊಟ್ಟೆಗೆ ಹಾಕ್ಕೊಂಡ್ಬಿಡೋದು, ಆಮೇಲೆ ಮರೆಯೋದು.”

“ಅವಳೂ ಅದನ್ನೇ ಮಾಡಿರೋದಮ್ಮ, ಅದಕ್ಕೇ ಕಲ್ಲಾಗಿರೋದು,” ಎಂದ ಗಂಡ, ತಮಾಷೆಗೆ. ಬೆರಳಿಗೆ ಹೊಸ ಪಟ್ಟಿ ಸುತ್ತಿಕೊಂಡಿದ್ದ. ಅತ್ತೆ ಅತ್ತ ಹೋದ ಮೇಲೆ ಹತ್ತಿರ ಬಂದು ಚೀಲದ ಜಿಪ್ಪು ಎಳೆದುಕೊಟ್ಟ. “ಇದೊಂದು ತೆಗೆದ್ಬಿಟ್ರೆ ಎಲ್ಲಾ ಸರಿಹೋಗುತ್ತಲ್ವಾ? ಮೊದಲಿನ ಥರ ಆಗ್ತೀಯಲ್ವಾ ನೀನು?”

“ಆಗ್ತೀನಿ ರೀ.”

“ಹದಿನಾಲ್ಕು ತಿಂಗಳಾಯ್ತು ಕಣೇ, ನೀನು ನನ್ನ ಜೊತೆ ಜಗಳ ಆಡಿ,” ಎಂದ ಅವನು. ಅದನ್ನು ಕೇಳಿ ಅವಳಿಗೆ, ಈ ಮನುಷ್ಯನಿಗಾದರೂ ಹೇಳಬಹುದಿತ್ತು ಎನ್ನಿಸಿತು. ಆದರೆ ಹೇಳಿದರೆ ಆತ ಮಾಡುವುದೇನು? ನಾಳೆಯೇ ಅಂಗಡಿಯ ಯಜಮಾನನ ಮುಂದೆ ನಿಂತು ಸಾಲ ಕೇಳಿ, ಮೆಟ್ಟಿಲ ತಿರುವಿನ ಆ ಹಲಗೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಾನೆ. ಭಾನುವಾರಗಳಲ್ಲೂ ಗಾಜು ಕತ್ತರಿಸುತ್ತಾನೆ. ಅವನ ಕೈ ನೋಡಿದಳು, ಚೀಲ ಎತ್ತಿಕೊಂಡಳು.

ಆಸ್ಪತ್ರೆಯ ಕೋಣೆಗೆ ಎರಡು ಮಂಚ, ಇನ್ನೊಂದು ಖಾಲಿಯಿತ್ತು. ಮರುದಿನ ಬೆಳಗ್ಗೆ ಆಪರೇಷನ್ನು. ಮಧ್ಯಾಹ್ನ ಮೂರರ ಹೊತ್ತಿಗೆ ಗಂಡ ಟೀ ಕುಡಿಯಲು ಕೆಳಗಿಳಿದಾಗ, ಬೆಳ್ಳನೆಯ ಕೂದಲಿನ, ಸಣ್ಣ ಆಕಾರದ ಹೆಂಗಸೊಬ್ಬರು ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಬಂದರು. ಅರಿವಳಿಕೆ ಕೊಡುವ ಡಾಕ್ಟರು. ಬಾಯಿ ತೆರೆಸಿದರು, ಕತ್ತು ಎತ್ತಿಸಿದರು, ಕಟ್ಟಿಸಿಕೊಂಡ ಹಲ್ಲು ಇದೆಯೆ ಎಂದು ಕೇಳಿದರು.

“ಯಾವುದಾದ್ರೂ ಮಾತ್ರೆ ತಗೋತಿದ್ದೀರಾ, ದಿನಾ?”

“ಇಲ್ಲ.”

ವೈದ್ಯೆ ಬರೆಯಲಿಲ್ಲ. ಕನ್ನಡಕದ ಮೇಲಿಂದ ಅವಳ ಕೈಗಳನ್ನು ನೋಡಿದರು. ನಿನ್ನೆಯಿಂದ ಮಾತ್ರೆ ನುಂಗಿರಲಿಲ್ಲ, ಕೈಗಳು ಹೊದಿಕೆಯ ಮೇಲೆ ಸಣ್ಣಗೆ ನಡುಗುತ್ತಿದ್ದವು. ಅವಳು ಅವನ್ನು ಒಳಕ್ಕೆಳೆದುಕೊಂಡಳು.

“ನೋಡಿಮ್ಮಾ, ಆಪರೇಷನ್ ಮಾಡೋ ಡಾಕ್ಟ್ರ ಹತ್ರ ಸುಳ್ಳು ಹೇಳಿ, ಪರವಾಗಿಲ್ಲ. ಗಂಡನ ಹತ್ರ ಹೇಳಿ, ಹೇಳ್ಲೇಬೇಕಾಗುತ್ತೆ ಕೆಲವು ಸಲ. ನಾನು ಮಲಗಿಸೋಳು. ನನ್ನ ಹತ್ರ ಸುಳ್ಳು ಹೇಳಿದ್ರೆ ಆಮೇಲೆ ಎಬ್ಬಿಸೋದು ಕಷ್ಟ.”

ಹೊರಗೆ ಗಾಲಿಯ ಮಂಚವೊಂದು ಕಿರುಗುಟ್ಟುತ್ತ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಅವಳು ಕಾದಳು. ಆಮೇಲೆ ಹೇಳಿದಳು. ಹಳದಿ ಮಾತ್ರೆ. ಎರಡು, ಮೂರು. ಒಂದು ವರ್ಷದಿಂದ. ನಿದ್ದೆಗೆ, ಬರೀ ನಿದ್ದೆಗಲ್ಲ, ಬೆಳಗ್ಗೆ ಏಳಲಿಕ್ಕೂ. ಹೇಳುತ್ತ ಹೇಳುತ್ತ ಪಕ್ಕೆಲುಬಿನ ಕೆಳಗಿನ ಹಿಡಿತ ಒಂದೆಳೆ ಸಡಿಲವಾದದ್ದು ಅವಳಿಗೇ ಅಚ್ಚರಿ.

ವೈದ್ಯೆ ಪೆನ್ನು ಕಾಗದಕ್ಕಿಟ್ಟರು.

“ಬರೀಬೇಡಿ!” ಅವಳು ಅವರ ಮಣಿಕಟ್ಟು ಹಿಡಿದುಬಿಟ್ಟಿದ್ದಳು.

“ಬರೀದೆ ನಾನು ನಿಮ್ಮನ್ನ ಮುಟ್ಟಲ್ಲ.”

ಬಿಡಿಸಿ ಹೇಳಿದಳು: ನಿಯಮ, ಮೂಲ, ಹದಿನಾಲ್ಕು ತಿಂಗಳ ಬಿಲ್ಲು, ಸಂಬಳದ ಕಡಿತ. ಆ ಕಾಗದವನ್ನು ಯಾರು ಓದುತ್ತಾರೆ, ಯಾವ ಪುಟದಿಂದ ಓದುತ್ತಾರೆ ಎಂಬುದನ್ನೂ ಹೇಳಿದಳು. ವೈದ್ಯೆ ತಮ್ಮ ಕೈ ಬಿಡಿಸಿಕೊಳ್ಳದೆ ಕೇಳಿಸಿಕೊಂಡರು.

“ಹಾಗಾದ್ರೆ ಈ ಆಪರೇಷನ್ ಯಾಕೆ?”

“ಕಲ್ಲಿದೆಯಲ್ಲ.”

“ನನಗೂ ಇದೆ. ನಿಮ್ಮದಕ್ಕಿಂತ ದೊಡ್ಡದು. ಇಪ್ಪತ್ತು ವರ್ಷದಿಂದ ಬಾಡಿಗೇನೂ ಕೊಡದೆ ಕೂತಿದೆ, ತೊಂದ್ರೇನೂ ಕೊಟ್ಟಿಲ್ಲ.”

ನಗು ಬಂತು ಅವಳಿಗೆ. ಎಷ್ಟು ದಿನವಾಗಿತ್ತೋ, ಬಂದದ್ದು ನಗುವೇ ಎಂದು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಆದರೆ ಆಗಲೇ ತಲೆ ತನ್ನ ಕೆಲಸ ಶುರುಮಾಡಿತ್ತು. ಯಾವ ಪದ ಮೇಲೆ ನಿಲ್ಲುತ್ತದೆ, ಯಾವುದು ಕೆಳಗಿಳಿಯುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇರಲಿಲ್ಲ. ಅದೇ ಹಳದಿ ಮಾತ್ರೆಯನ್ನು ಬೇರೆ ಕಾರಣಕ್ಕೂ ಕೊಡುತ್ತಾರೆ. ನೂರಾರು ಫೈಲಿನಲ್ಲಿ ನೋಡಿದ್ದಳು. ಒಂದಕ್ಕೂ ಅಡಿಗೆರೆ ಎಳೆದಿರಲಿಲ್ಲ.

“ಸ್ನಾಯು ಸೆಳೆತಕ್ಕೆ ಅಂತ ಬರೀರಿ,” ಎಂದಳು. ಆಫೀಸಿನ ದನಿ ಅದು, ನಡುಕವಿಲ್ಲದ್ದು. “ಮಾತ್ರೆ ಹೆಸರು ಬರೀರಿ, ಎಷ್ಟು ಅನ್ನೋದೂ ಬರೀರಿ, ನಿಮಗೆ ಬೇಕಾಗಿರೋದು ಅಷ್ಟೇ ತಾನೆ? ಕಾರಣ ಮಾತ್ರ ಸ್ನಾಯು ಸೆಳೆತ. ಯಾರೂ ಕೇಳಲ್ಲ. ನಾನೇ ಆಗಿದ್ರೂ ಕೇಳ್ತಿರ್ಲಿಲ್ಲ.”

ವೈದ್ಯೆ ಕೋಣೆಯಲ್ಲಿದ್ದ ಒಂದೇ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತರು. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡರು.

“ಇಲ್ಲದ್ದನ್ನ ನಾನು ಬರೆಯೋಳಲ್ಲ. ಇದೆ ಅಂತ ನೀವು ತೋರ್ಸಿ, ಬರೀತೀನಿ. ಎಲ್ಲಿ ಸೆಳೆಯುತ್ತೆ?”

ಅವಳು ಹೊದಿಕೆಯೊಳಗಿನಿಂದ ಕೈ ತೆಗೆದಳು. ಎಡಭುಜದ ಹತ್ತಿರ ಒಯ್ದಳು, ಅಲ್ಲ. ಕತ್ತಿನ ಹಿಂದಕ್ಕೆ ಒಯ್ದಳು, ಬೆರಳು ಊರಿ ನೋಡಿದಳು. ಅಲ್ಲಿಂದ ಕೈ ಎದೆಯ ಮೇಲೆ ಇಳಿಯಿತು, ಪಕ್ಕೆಯ ಕಡೆ ಸರಿಯಿತು, ಹೊಟ್ಟೆಯ ಮೇಲೆ ಅರೆಗಳಿಗೆ ತಡೆದು ಮತ್ತೆ ಎದ್ದಿತು. ಕಿಟಕಿಯ ಬಿಸಿಲು ಹೊದಿಕೆಯ ಮೇಲೆ ಬಿದ್ದು ಆ ಕೈಯ ನೆರಳೂ ಅದರ ಕೆಳಗೇ ಅಲೆಯುತ್ತಿತ್ತು, ಕತ್ತಲಲ್ಲಿ ಸ್ವಿಚ್ಚಿಗಾಗಿ ಗೋಡೆ ತಡವುವವರ ಕೈಯ ಹಾಗೆ. ವೈದ್ಯೆ ಪೆನ್ನಿನ ಮುಚ್ಚಳ ಹಾಕಲಿಲ್ಲ, ಅವಸರಪಡಿಸಲೂ ಇಲ್ಲ. ಕೈ ಇನ್ನೂ ಹುಡುಕುತ್ತಿತ್ತು.